ಎದೆಯ ಚಿತ್ರ ತೆಗೆದ ಹಡಗು

ಇಗ್ಲೂವಿನ ಚಿತ್ರದಡಿ ನಾವು ‘ಎಸ್ಕಿಮೊ’ ಎಂದು ಓದಿದ ಜನರು ತಮ್ಮನ್ನು ಕರೆದುಕೊಳ್ಳುವುದು ಇನುಯಿಟ್ ಎಂದು. ಎರಡನೆಯ ಮಹಾಯುದ್ಧದ ತರುವಾಯ ಕೆನಡಾದ ಉತ್ತರದಲ್ಲಿ ಇವರ ನಡುವೆ ಕ್ಷಯರೋಗ ಹಬ್ಬಿತ್ತು. ಅಲ್ಲಿ ರಸ್ತೆಗಳಿರಲಿಲ್ಲ, ವೈದ್ಯರು ತೀರ ವಿರಳ. ಸರ್ಕಾರವು 1950ರಿಂದ ಬೇಸಿಗೆಯಲ್ಲಿ ‘ಸಿ. ಡಿ. ಹೋವ್’ ಎಂಬ ಹಡಗನ್ನು ಕಳುಹಿಸತೊಡಗಿತು. ಅದರಲ್ಲಿ ವೈದ್ಯರೂ ಎಕ್ಸ್-ರೇ ಯಂತ್ರವೂ ಇದ್ದವು.

ರೋಗವಿದೆಯೆಂದು ತಿಳಿದವರನ್ನು ಎಷ್ಟೋ ವೇಳೆ ದಡಕ್ಕೆ ಮರಳಗೊಡದೆ ದಕ್ಷಿಣದ ಸ್ಯಾನಟೋರಿಯಮ್‌ಗಳಿಗೆ ಒಯ್ದರು. ತಾಯಿ ಹಡಗಿನಲ್ಲಿ, ಮಗು ದಡದಲ್ಲಿ. 1956ರಲ್ಲಿ ಸುಮಾರು ಏಳು ಮಂದಿ ಇನುಯಿಟರಲ್ಲಿ ಒಬ್ಬರು ಅಂಥ ಆಸ್ಪತ್ರೆಗಳಲ್ಲಿದ್ದರು. ವಾಸ ಸರಾಸರಿ ಎರಡು ವರ್ಷಕ್ಕೂ ಹೆಚ್ಚು. ಹಲವು ಮಕ್ಕಳು ತಾಯ್ನುಡಿ ಮರೆತು ಹಿಂದಿರುಗಿದರು. ಸತ್ತವರನ್ನು ಅಲ್ಲಿಯೇ ಹೂಳಿದರು. ಅನೇಕ ಕುಟುಂಬಗಳಿಗೆ ಸುದ್ದಿಯೇ ತಲುಪಲಿಲ್ಲ.

ಚಿಕಿತ್ಸೆಯಿಂದ ಬಹಳ ಜೀವಗಳುಳಿದವು, ಅದನ್ನು ಹಳಿಯುವುದು ಅನ್ಯಾಯ. ಆದರೆ ಒಂದು ಕಾಗದ ಬರೆದು ತಿಳಿಸಲು ಯಾವ ಯಂತ್ರ ಬೇಕಿತ್ತು?

2019ರ ಮಾರ್ಚ್‌ನಲ್ಲಿ ಪ್ರಧಾನಿ ಟ್ರೂಡೋ ಇಕಾಲುಯಿಟ್ ಪಟ್ಟಣದಲ್ಲಿ ಕ್ಷಮೆ ಯಾಚಿಸಿದರು. ಸಮಾಧಿಗಳನ್ನು ಪತ್ತೆಹಚ್ಚಲು ‘ನಾನಿಲಾವುಟ್’ ಎಂಬ ಯೋಜನೆಯೂ ಅಂದೇ ಘೋಷಿತವಾಯಿತು. ಹೆಸರಿನ ಅರ್ಥ ‘ಹುಡುಕೋಣ ಬನ್ನಿ’.

1999ರಲ್ಲಿ ರೂಪುಗೊಂಡ ನುನಾವುಟ್ ಪ್ರಾಂತದ 25 ಊರುಗಳನ್ನು ಬೆಸೆಯುವ ರಸ್ತೆ ಇಂದಿಗೂ ಇಲ್ಲ. ಹೆಚ್ಚಿನ ಊರುಗಳ ಆರೋಗ್ಯ ಕೇಂದ್ರಗಳನ್ನು ದಾದಿಯರೇ ನಡೆಸುತ್ತಾರೆ. ಮರೆವಿನ ಕಾಯಿಲೆಯ ವೃದ್ಧರಿಗೆ ತಕ್ಕ ಆರೈಕೆ ಊರಿನಲ್ಲಿ ದೊರೆಯದೆ, ಇತ್ತೀಚಿನ ವರ್ಷಗಳಲ್ಲಿ ಹಲವರನ್ನು ಸುಮಾರು 2,000 ಕಿಲೋಮೀಟರ್ ದೂರದ ಒಟ್ಟಾವಾಕ್ಕೆ ವಿಮಾನದಲ್ಲಿ ಕಳುಹಿಸಲಾಗಿದೆ. ಆ ಹಡಗು ಬಂದುಹೋಗುವುದನ್ನು ದಡದಿಂದ ಕಂಡ ಮಕ್ಕಳ ತಲೆಮಾರೇ ಈ ವೃದ್ಧರದು.