ರೈಲ್ವೆ ಕಾಯಿದೆ, ಛಡಿಯೇಟು ಮತ್ತು ವಿಡಂಬನಾ ಚಿತ್ರ: ಬೀರೂರಿನ ನೆಲೆಯಿಂದ ಒಂದು ಟಿಪ್ಪಣಿ

ಬೆಂಗಳೂರು–ಹರಿಹರ ಮಾರ್ಗದಲ್ಲಿ 1889ರಲ್ಲಿ ರೈಲು ಓಡತೊಡಗಿತು. 1899ರಲ್ಲಿ ಶಿವಮೊಗ್ಗದ ಕವಲು ಕೂಡಿಕೊಂಡು ಬೀರೂರು ಜಂಕ್ಷನ್ ಆಯಿತು. ಈ ಊರಿನ ವಾಣಿಜ್ಯ ಚರಿತ್ರೆಯನ್ನು ಬರೆದವರುಂಟು. ಆದರೆ ಹಳಿಯ ಜೊತೆಗೆ ಮಕ್ಕಳ ಪಾಲಿಗೆ ಬಂದ ಕಾನೂನಿನತ್ತ ಹೆಚ್ಚಿನ ಗಮನ ಹರಿದಿಲ್ಲ.

1860ರ ಭಾರತೀಯ ದಂಡಸಂಹಿತೆ ಏಳು ವರ್ಷದೊಳಗಿನ ಮಗು ಏನು ಮಾಡಿದರೂ ಅದು ಅಪರಾಧವಲ್ಲವೆಂದಿತು (82ನೇ ಕಲಂ). ಏಳರಿಂದ ಹನ್ನೆರಡರವರೆಗಿನ ಮಗುವಿಗೆ ತಿಳಿವಳಿಕೆ ಬಲಿತಿತ್ತೇ ಎಂದು ನೋಡಬೇಕೆಂದಿತು (83ನೇ ಕಲಂ). 1890ರ ರೈಲ್ವೆ ಕಾಯಿದೆಯ 130ನೇ ಕಲಂ ಈ ಎರಡೂ ರಕ್ಷಣೆಗಳನ್ನು ಕಿತ್ತುಹಾಕಿತು. ಹಳಿಯ ಮೇಲೆ ಕಲ್ಲಿಟ್ಟ, ಪ್ರಯಾಣಿಕರಿಗೆ ಅಪಾಯವಾಗುವಂತೆ ಗಾಡಿಯತ್ತ ಕಲ್ಲು ತೂರಿದ ಮಗು ಹನ್ನೆರಡರೊಳಗಿದ್ದರೂ ಅಪರಾಧಿಯೇ. ಗಂಡುಮಗುವಾದರೆ ನ್ಯಾಯಾಲಯ ಛಡಿಯೇಟು ವಿಧಿಸಬಹುದಿತ್ತು. ಇಲ್ಲವೇ ಇನ್ನು ಮುಂದೆ ಮಗು ಹಾಗೆ ಮಾಡದಂತೆ ನೋಡಿಕೊಳ್ಳುತ್ತೇನೆಂದು ತಂದೆಯಿಂದಲೋ ಪೋಷಕರಿಂದಲೋ ಮುಚ್ಚಳಿಕೆ ಬರೆಸಿಕೊಳ್ಳಬಹುದಿತ್ತು. ಆರು ವರ್ಷದ ಹುಡುಗ ಪೇಟೆಯಲ್ಲಿ ಬೆಲ್ಲ ಕದ್ದರೆ ಕಾನೂನಿನ ಕಣ್ಣಿಗೆ ಅಬೋಧ, ಹಳಿಯ ಮೇಲೆ ಜಲ್ಲಿ ಜೋಡಿಸಿದರೆ ಅಪರಾಧಿ!

ಮೈಸೂರು ಸಂಸ್ಥಾನದಲ್ಲಿ ಇದಕ್ಕೆ ಇನ್ನೊಂದು ಆಯಾಮವಿತ್ತು. ರೈಲುಮಾರ್ಗಕ್ಕೆ ಬೇಕಾದ ಭೂಮಿಯನ್ನು ಮಹಾರಾಜರು ಉಚಿತವಾಗಿ ಕೊಟ್ಟು, ಅದರ ಮೇಲಿನ ಪೂರ್ಣ ನ್ಯಾಯಾಧಿಕಾರವನ್ನೂ ಬ್ರಿಟಿಷರಿಗೆ ಬಿಟ್ಟುಕೊಡಬೇಕೆಂಬ ಷರತ್ತು 1881ರ ಅಧಿಕಾರ ಹಸ್ತಾಂತರ ಪತ್ರದಲ್ಲೇ ಇತ್ತು. ರೈಲಿನ ನೆಲವನ್ನು ಮೆಟ್ಟಿದ ಮಗು ಅರಿವಿಲ್ಲದೆಯೇ ಮತ್ತೊಂದು ಪ್ರಭುತ್ವದ ಅಂಕೆಗೆ ಬರುತ್ತಿತ್ತು. ಛಡಿಯೇಟಿನ ಶಿಕ್ಷೆ ರದ್ದಾದದ್ದು 1955ರಲ್ಲಿ.

ಹತ್ತೊಂಬತ್ತನೇ ಶತಮಾನದ ವಿಡಂಬನಾ ಚಿತ್ರಗಳು ಕಾನೂನಿನ ಕೈಗೆ ಸಿಕ್ಕ ಇಂಥ ಮಕ್ಕಳನ್ನು ಹೇಗೆ ಕಂಡವು? ಇಂಗ್ಲೆಂಡಿನ ಚಿತ್ರಕಾರ ಜಾರ್ಜ್ ಕ್ರೂಕ್‌ಶ್ಯಾಂಕ್ 1848ರ 'ದ ಡ್ರಂಕರ್ಡ್ಸ್ ಚಿಲ್ಡ್ರನ್' ಮಾಲೆಯ ಎಂಟು ಚಿತ್ರಗಳಲ್ಲಿ ಕುಡುಕನ ಮಗನನ್ನು ನ್ಯಾಯಾಲಯದ ಕಟಕಟೆಗೂ ಅಲ್ಲಿಂದ ಕೈದಿಗಳ ಹಡಗಿಗೂ ಕಳಿಸುತ್ತಾನೆ. ಅಲ್ಲೇ ಅವನ ಸಾವು. ಮಗಳು ಸೇತುವೆಯಿಂದ ಹಾರುತ್ತಾಳೆ. ಇಲ್ಲಿ ಮಗು ಎಚ್ಚರಿಕೆಯ ನಿದರ್ಶನ ಮಾತ್ರ. 1869ರ ಅವನ 'ಅವರ್ ಗಟರ್ ಚಿಲ್ಡ್ರನ್' ಚಿತ್ರದ ಜಾಡೇ ಬೇರೆ. ಮರಿಯಾ ರೈ ಎಂಬಾಕೆ ಬಡಮಕ್ಕಳನ್ನು ಕೆನಡಾಕ್ಕೆ ಸಾಗಿಸಲು ಹೊರಟ ಕಾಲವದು. ಸಭ್ಯ ಉಡುಪಿನ ದೊಡ್ಡವರು ಪೊರಕೆ, ಸಲಿಕೆ ಹಿಡಿದು ಮಕ್ಕಳನ್ನು ಕಸದಂತೆ ಗುಡಿಸಿ ಗಾಡಿಗೆ ತುಂಬುತ್ತಿದ್ದಾರೆ. ಮೊದಲ ಮಾಲೆಗಿಂತ ಇದು ಹೆಚ್ಚು ಪ್ರಾಮಾಣಿಕ ಕೃತಿಯೆಂದು ನನ್ನ ಎಣಿಕೆ. ನೋಡುಗ ಮೊದಲು ಗಮನಿಸುವುದು ಸಲಿಕೆ ಹಿಡಿದ ಕೈಯನ್ನು. ಉಪಕಾರದ ಹೆಸರಿನಲ್ಲಿ ನಡೆದ ಹಿಂಸೆಗೆ ಆ ಕೈಯೇ ಸಾಕ್ಷಿ.

ಇನ್ನು ನಮ್ಮ ನೆಲದತ್ತ ಬಂದರೆ, ಕನ್ನಡದಲ್ಲಿ ನಗೆಚಿತ್ರಕ್ಕೆ ಗಟ್ಟಿ ನೆಲೆ ಕೊಟ್ಟದ್ದು ರಾ.ಶಿ. (ಡಾ. ಎಂ. ಶಿವರಾಂ) 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ 'ಕೊರವಂಜಿ'. ಮೈಸೂರಿನ ವಿದ್ಯಾರ್ಥಿ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು, ಅಣ್ಣ ಆರ್.ಕೆ. ನಾರಾಯಣರು ಮಾಲ್ಗುಡಿ ಎಂಬ ಕಲ್ಪಿತ ಊರಿನ ಸುತ್ತ ಹೆಣೆದ ಕತೆಗಳಿಗೂ ಬರೆದರು. ಆ ಮಾಲ್ಗುಡಿ ಕಿರುತೆರೆಗೆ ಬಂದಾಗ ಅದರ ನಿಲ್ದಾಣವಾದದ್ದು ಬೀರೂರಿನಿಂದ ಶಿವಮೊಗ್ಗ ದಾಟಿ ತಾಳಗುಪ್ಪಕ್ಕೆ ಹೋಗುವ ಇದೇ ಕವಲುಮಾರ್ಗದ ಅರಸಾಳು.

ನಾರಾಯಣರ ಕತೆಯಲ್ಲಿ ಮಾಲ್ಗುಡಿಯ ಶಾಲಾಬಾಲಕ ಸ್ವಾಮಿ 1930ರ ಸ್ವಾತಂತ್ರ್ಯ ಚಳವಳಿಯ ಗದ್ದಲದಲ್ಲಿ ಹೆಡ್‌ಮಾಸ್ಟರರ ಕೋಣೆಯ ಗಾಜಿಗೆ ಕಲ್ಲು ಬೀರುತ್ತಾನೆ, ಶಾಲೆ ಬಿಡುತ್ತಾನೆ, ಮುಂದಿನ ಶಾಲೆಯಲ್ಲಿ ಹೆಡ್‌ಮಾಸ್ಟರರ ಕೈಯ ಬೆತ್ತವನ್ನೇ ಕಸಿದು ಕಿಟಕಿಯಾಚೆ ಎಸೆದು ಓಡುತ್ತಾನೆ. ಓದುಗರು ಅವನ ಪಕ್ಷ ವಹಿಸುತ್ತಾರೆ, ಬೆತ್ತ ಹಿಡಿದವರ ಪಕ್ಷವನ್ನಲ್ಲ. ಅದೇ ಕಲ್ಲನ್ನು ಅವನು ಪ್ರಯಾಣಿಕರಿದ್ದ ಗಾಡಿಯ ಕಿಟಕಿಗೆ ಬೀರಿದ್ದರೆ, ಹತ್ತರ ಆ ಹುಡುಗನನ್ನು 130ನೇ ಕಲಮಿನಡಿ ಕಟಕಟೆಯಲ್ಲಿ ನಿಲ್ಲಿಸಿ ಛಡಿಯೇಟು ಕೊಡಿಸಲು ಅಂದಿನ ಕಾನೂನಿನಲ್ಲಿ ಯಾವ ಅಡ್ಡಿಯೂ ಇರಲಿಲ್ಲ.