ಮೊದಲ ಎಂಟು ಗಂಟೆಗಳು

ಜ್ವರವೋ ಮೈಕೈ ನೋವೋ ಬಂದರೆ ನಮ್ಮ ಕೈ ತಾನಾಗಿಯೇ ಪ್ಯಾರಾಸಿಟಮಾಲ್ ಮಾತ್ರೆಯತ್ತ ಚಾಚುತ್ತದೆ. ಕ್ರೋಸಿನ್ ಎಂದೋ ಡೋಲೋ ಎಂದೋ ಕೇಳಿ ತರುತ್ತೇವೆ. ಒಳಗಿನ ವಸ್ತು ಒಂದೇ. ನೆಗಡಿಯ ಹಲವು ಮಾತ್ರೆಗಳಲ್ಲಿಯೂ ಅದು ಸೇರಿರುವುದನ್ನು ನಾವು ಗಮನಿಸುವುದು ಕಡಿಮೆ. ಮಿತಿಯಲ್ಲಿ ಸಾಧುವಾದ ಈ ಮದ್ದು ಮಿತಿಮೀರಿದರೆ ಯಕೃತ್ತನ್ನೇ ಕೊಲ್ಲಬಲ್ಲುದು. ಬ್ರಿಟನ್ನಿನಲ್ಲಿ ಅದು 1956ರಲ್ಲಿ ಮಾರಾಟಕ್ಕೆ ಬಂದಿತು. ಈ ಇನ್ನೊಂದು ಮುಖವನ್ನು ಡೇವಿಡ್‌ಸನ್ ಮತ್ತು ಈಸ್ಟ್‌ಹ್ಯಾಮ್ ಎಂಬ ವೈದ್ಯರು ವರದಿ ಮಾಡಿದ್ದು 1966ರಲ್ಲಿ.

ಈ ವಿಷದ ಕ್ರೌರ್ಯವಿರುವುದು ಅದರ ಮೌನದಲ್ಲಿ. ಮೊದಲ ದಿನ ಒಂದಿಷ್ಟು ಓಕರಿಕೆ. ಕೆಲವರಿಗೆ ಅದೂ ಇಲ್ಲ. ದುಡುಕಿ ನುಂಗಿದವರು ಅಷ್ಟರಲ್ಲಿ ಪಶ್ಚಾತ್ತಾಪಪಟ್ಟು, ಮನೆಯವರೊಡನೆ ಕುಳಿತು ಉಂಡು, ಗಂಡಾಂತರ ಕಳೆಯಿತೆಂದು ನಂಬಿರಬಹುದು. ಎರಡು ಮೂರು ದಿನಗಳ ಮೇಲೆ ಕಣ್ಣು ಹಳದಿಗಟ್ಟುತ್ತದೆ. ಅರವತ್ತರ ದಶಕದ ವೈದ್ಯರ ಕೈಯಲ್ಲಿ ಆಗ ಶುಶ್ರೂಷೆಯ ಹೊರತು ಹೆಚ್ಚೇನೂ ಉಳಿದಿರುತ್ತಿರಲಿಲ್ಲ.

ಕಾರಣ ತಿಳಿದುಬಂದದ್ದು 1973ರಲ್ಲಿ, ಅಮೆರಿಕದ ಬೆಥೆಸ್ಡಾದಲ್ಲಿ, ಮಿಚೆಲ್ ಮತ್ತು ಸಂಗಡಿಗರಿಂದ. ನುಂಗಿದ ಮದ್ದಿನ ಸಣ್ಣ ಪಾಲೊಂದು ಯಕೃತ್ತಿನಲ್ಲಿ ವಿಷವಾಗಿ ಮಾರ್ಪಡುತ್ತದೆ. ಗ್ಲುಟಾಥಯೋನ್ ಎಂಬ ವಸ್ತು ಅದನ್ನು ಹುಟ್ಟಿದಲ್ಲೇ ಅಡಗಿಸುತ್ತದೆ. ಮಾತ್ರೆ ಅತಿಯಾದಾಗ ಈ ದಾಸ್ತಾನು ತೀರಿಹೋಗಿ, ವಿಷವು ಜೀವಕೋಶಗಳಿಗೇ ಅಂಟಿಕೊಳ್ಳುತ್ತದೆ. ಹಾಗಾದರೆ ಬರಿದಾದ ಕಣಜವನ್ನು ತುಂಬುವ ಬಗೆ ಯಾವುದು?

ಎಡಿನ್‌ಬರೋದ ಲಾರಿ ಪ್ರೆಸ್ಕಾಟ್ ಮತ್ತು ಸಹೋದ್ಯೋಗಿಗಳು 1974ರಲ್ಲಿ ಸಿಸ್ಟಿಯಮೀನ್ ಎಂಬ ಮದ್ದನ್ನು ಪ್ರಯೋಗಿಸಿದರು. ಯಕೃತ್ತು ಉಳಿಯಿತು, ಆದರೆ ರೋಗಿಗಳು ವಾಂತಿಯಿಂದ ಬಳಲಿದರು. ಆಗ ಅವರು ಕೈಹಾಕಿದ್ದು ಅಸಿಟೈಲ್‌ಸಿಸ್ಟೀನ್‌ಗೆ. ಅದು ಹೊಸದೇನಲ್ಲ, ಕೊಳೆತ ಮೊಟ್ಟೆಯ ವಾಸನೆಯ, ಕಫ ಕರಗಿಸಲೆಂದು ಆಗಲೇ ಬಳಕೆಯಲ್ಲಿದ್ದ ಔಷಧ! ದೇಹವು ಅದರಿಂದ ಗ್ಲುಟಾಥಯೋನನ್ನು ಮತ್ತೆ ಕಟ್ಟಿಕೊಳ್ಳುತ್ತದೆ. 1979ರಲ್ಲಿ ಅವರು ರಕ್ತನಾಳದ ಮೂಲಕ ಅದನ್ನು ಪಡೆದ 100 ರೋಗಿಗಳ ವಿವರ ಪ್ರಕಟಿಸಿದರು. ಹತ್ತು ಗಂಟೆಗಳೊಳಗೆ ಮದ್ದು ಸಿಕ್ಕ 62 ಮಂದಿಯಲ್ಲಿ ಒಬ್ಬರ ಯಕೃತ್ತಿಗಷ್ಟೇ ತೀವ್ರ ಹಾನಿಯಾಗಿತ್ತು. ಹಿಂದೆ ಈ ಮದ್ದಿಲ್ಲದೆ ಆರೈಕೆ ಪಡೆದಿದ್ದ 57 ಮಂದಿಯಲ್ಲಿ ಹಾಗಾದವರು 33. ಎಂಟು ಗಂಟೆಗಳೊಳಗೆ ಬಂದವರಿಗೆ ರಕ್ಷಣೆ ಬಹುಪಾಲು ಸಂಪೂರ್ಣ. ಅನಂತರ ಮದ್ದಿನ ಬಲ ಇಳಿಯುತ್ತ ಹೋಗುತ್ತದೆ.

ರೋಗಿಯ ಮುಖ ನೋಡಿ ತೀರ್ಮಾನಿಸಲಾಗದ ಸಂಕಟವಿದು. ಅದಕ್ಕೆಂದೇ ರುಮಾಕ್ ಮತ್ತು ಮ್ಯಾಥ್ಯೂ 1975ರಲ್ಲಿ ಒಂದು ನಕ್ಷೆ ಕೊಟ್ಟರು: ಮಾತ್ರೆ ನುಂಗಿ ಎಷ್ಟು ಗಂಟೆಯಾಯಿತು, ರಕ್ತದಲ್ಲಿ ಈಗ ಎಷ್ಟಿದೆ, ಎರಡನ್ನೂ ಕೂಡಿಸಿ ಅಪಾಯವನ್ನು ಅಳೆಯುವ ಗೆರೆ. ನುಂಗಿದ ಹೊತ್ತನ್ನು ಮುಚ್ಚಿಟ್ಟರೆ ಆ ಗೆರೆ ಕುರುಡು. ಮನೆಯವರು ನಾಚಿಕೆಯಿಂದ ನುಂಗಿಕೊಳ್ಳುವ ಮಾತು ಇದೊಂದೇ ಆಗಿರುತ್ತದೆ ಎಂಬುದು ನಮ್ಮ ಅಳುಕು.

ಅಮೆರಿಕ ಬಹುಕಾಲ ಇದನ್ನು ಮೂರು ದಿನ ಬಾಯಿಂದಲೇ ಕುಡಿಸುತ್ತಿತ್ತು. ಡ್ರಿಪ್ಪಿಗೆ ಅಲ್ಲಿ ಒಪ್ಪಿಗೆ ಸಿಕ್ಕಿದ್ದು 2004ರಲ್ಲಿ. ತಡವಾಗಿ ಬಂದವರ ಪಾಡೇನು? 1991ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ವೈದ್ಯರು, ಯಕೃತ್ತು ಆಗಲೇ ಸೋತಿದ್ದ 50 ಮಂದಿಯಲ್ಲಿ 25 ಜನಕ್ಕೆ ಈ ಮದ್ದು ಕೊಟ್ಟರು. ಕೊಡದವರಲ್ಲಿ ಉಳಿದವರು 5 ಮಂದಿ, ಕೊಟ್ಟವರಲ್ಲಿ 12.