ಬಾಣಲೆಯಲ್ಲಿ ಬೆಳಕು

ಹೋದ ಯುಗಾದಿಗೆ ಊರಿಗೆ ಹೋದಾಗ ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಿದ್ದ ಅಮ್ಮನ ಫೋಟೋ ತೆಗೆದೆ. ನೋಡಿದ್ರೆ ಬರೀ ಕತ್ತಲು. ಫ್ಲ್ಯಾಶ್ ಹಾಕಿದೆ. ಅಮ್ಮ ಕಣ್ಣು ಮುಚ್ಚಿಕೊಂಡು, "ಆರಿಸೋ ಅದನ್ನ" ಅಂದ್ಲು. ಬೆಂಗಳೂರಿಗೆ ಬಂದು ಲೈಟ್‌ರೂಮಿನಲ್ಲಿ ಶ್ಯಾಡೋಸ್ ಸ್ಲೈಡರನ್ನು ಕೊನೆವರೆಗೂ ಎಳೆದೆ. ಅಮ್ಮನ ಮುಖವೇನೋ ಕಂಡಿತು, ಆದರೆ ಮೇಲೆ ರಾಗಿ ಚೆಲ್ಲಿದ ಹಾಗೆ ನಾಯ್ಸ್! ಸೆನ್ಸರ್ ಮೇಲೆ ಬೀಳದ ಬೆಳಕನ್ನು ಸಾಫ್ಟ್‌ವೇರ್ ಎಲ್ಲಿಂದ ತರುತ್ತೆ ಹೇಳಿ?

ಇದೇ ಕತ್ತಲು ನ್ಯೂಯಾರ್ಕಿನ ಜೇಕಬ್ ರೀಸ್‌ನನ್ನೂ ಕಾಡಿತ್ತು. 1870ರಲ್ಲಿ ಡೆನ್ಮಾರ್ಕಿನಿಂದ ವಲಸೆ ಬಂದವನು, ಮುಂದೆ ಪೊಲೀಸ್ ಸುದ್ದಿ ಬರೆಯುವ ವರದಿಗಾರನಾದ. ಬಡ ವಲಸಿಗರು ಕಿಕ್ಕಿರಿದಿದ್ದ ವಠಾರಗಳ ಎಷ್ಟೋ ಒಳಕೋಣೆಗಳಿಗೆ ಕಿಟಕಿಯೇ ಇರಲಿಲ್ಲ. ಅಲ್ಲಿನ ಬದುಕನ್ನು ತೋರಿಸೋಣ ಅಂದ್ರೆ ಕ್ಯಾಮೆರಾಗೆ ಏನೂ ಕಾಣದು. 1887ರಲ್ಲಿ ಜರ್ಮನಿಯಲ್ಲಿ ಮೆಗ್ನೀಸಿಯಂ ಬೆರೆಸಿದ ಫ್ಲ್ಯಾಶ್ ಪುಡಿ ಕಂಡುಹಿಡಿದ ಸುದ್ದಿ ಪೇಪರಿನಲ್ಲಿ ಓದಿದ್ದೇ ತಡ, ದಾರಿ ಸಿಕ್ಕಿತು.

ಮೊದಮೊದಲು ಪುಡಿಯನ್ನು ಪಿಸ್ತೂಲಿನಿಂದ ಹಾರಿಸಬೇಕಿತ್ತು. ನಡುರಾತ್ರಿ ಪಿಸ್ತೂಲು ಹಿಡಿದು ನುಗ್ಗಿದ ಅಪರಿಚಿತರನ್ನು ಕಂಡು ಜನ ದಿಕ್ಕಾಪಾಲಾಗಿ ಓಡುತ್ತಿದ್ದರು. ಆಮೇಲೆ ಪಿಸ್ತೂಲು ಬಿಟ್ಟು ಬಾಣಲೆಯಲ್ಲಿ ಪುಡಿ ಉರಿಸತೊಡಗಿದ. ಒಮ್ಮೆ ಕುರುಡರಿದ್ದ ಕೋಣೆಗೇ ಕಿಡಿ ಹತ್ತಿ, ಕಷ್ಟಪಟ್ಟು ಆರಿಸಿದ. ಅವನ ಫೋಟೋಗಳಲ್ಲಿ ಕೆಲವರು ಆಗತಾನೇ ನಿದ್ದೆಯಿಂದೆದ್ದು ಬೆಳಕಿಗೆ ಕಣ್ಣು ಕಿರಿದಾಗಿಸಿದ್ದಾರೆ. ಅವರನ್ನು ಯಾರಾದರೂ ಒಂದು ಮಾತು ಕೇಳಿದ್ದರಾ? ಅಮ್ಮನ ಮುಚ್ಚಿದ ಕಣ್ಣು ನೆನಪಾಗಿ ಮುಜುಗರವಾಯ್ತು.

1890ರಲ್ಲಿ ಅವನ 'ಹೌ ದಿ ಅದರ್ ಹಾಫ್ ಲಿವ್ಸ್' ಪುಸ್ತಕ ಬಂತು. ಅವನೂ ಇನ್ನೂ ಹಲವರೂ ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ, 1901ರ ನ್ಯೂಯಾರ್ಕ್ ವಠಾರ ಕಾಯ್ದೆ ಹೊಸದಾಗಿ ಕಟ್ಟುವ ವಠಾರಗಳ ಪ್ರತಿ ಕೋಣೆಗೂ ಹೊರಕ್ಕೆ ತೆರೆಯುವ ಕಿಟಕಿ ಇರಲೇಬೇಕು ಅಂದಿತು.

ಅದನ್ನು ಓದಿ ಅಮ್ಮನ ಫೋಟೋ ಮತ್ತೆ ತೆಗೆದು ನೋಡಿದೆ. ಮಸಿ ಹಿಡಿದ ಗೋಡೆ, ಒಂದೇ ಒಂದು ಕಿಟಕಿ ಇಲ್ಲ. ಮೂವತ್ತು ವರ್ಷ ಅವಳು ಅಡುಗೆ ಮಾಡಿದ್ದು ಇಲ್ಲೇ. ನಾನು ಮಾತ್ರ ಎರಡು ರಾತ್ರಿ ಕೂತು ಫೋಟೋ ರಿಪೇರಿ ಮಾಡ್ತಿದ್ದೆ.

ಮಳೆಗಾಲಕ್ಕೆ ಮುಂಚೆ ಸೂರಿಗೆ ಎರಡು ಗಾಜಿನ ಹೆಂಚು ಹಾಕಿಸಿದೆ. ಮೊನ್ನೆ ಹೋದಾಗ ಅಮ್ಮನನ್ನು ಕೇಳಿಯೇ, ಆ ಬೆಳಕಿನತ್ತ ತಿರುಗಿ ಕೂರಿಸಿ, ಮೊಬೈಲನ್ನು ಅಕ್ಕಿ ಡಬ್ಬಕ್ಕೆ ಒರಗಿಸಿ ಟೈಮರ್ ಇಟ್ಟೆ. ಫ್ಲ್ಯಾಶೂ ಬೇಕಾಗಲಿಲ್ಲ, ಎಡಿಟಿಂಗೂ ಬೇಕಾಗಲಿಲ್ಲ. ಫೋಟೋ ತೋರಿಸಿದರೆ ಅಮ್ಮ ಅದನ್ನು ಸರಿಯಾಗಿ ನೋಡಲೂ ಇಲ್ಲ.

"ಈಗ ಅಕ್ಕಿಯಲ್ಲಿರೋ ಕಲ್ಲು ಚೆನ್ನಾಗಿ ಕಾಣ್ತದೆ ಕಣೋ" ಅಂದ್ಲು.